ಬಾಡಿಗೆಯ ಮನೆ: ನೋಡಬೇಕಾದುದು ಕುಲವನ್ನಲ್ಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಬಾಡಿಗೆಯ ಮನೆಯನ್ನು ಅರಸಿ ಬರುವವರು ಬಹುಪಾಲು ದುಡಿದುಣ್ಣುವ ಜನ. ವರ್ಗವಾಗಿ ಬಂದ ಶಿಕ್ಷಕ, ಬ್ಯಾಂಕಿನ ಗುಮಾಸ್ತ, ಆಸ್ಪತ್ರೆಯ ದಾದಿ, ಮಕ್ಕಳ ವಿದ್ಯೆಗಾಗಿ ಹಳ್ಳಿ ಬಿಟ್ಟು ಬಂದ ರೈತ ಕುಟುಂಬ. ಇವರು ಹೊಸ್ತಿಲ ಬಳಿ ನಿಂತೊಡನೆ ಕೇಳಿಬರುವ ಮೊದಲ ಪ್ರಶ್ನೆ: "ನೀವು ಯಾರ ಪೈಕಿ ಅದೀರಿ?" ಉತ್ತರ ಹಿಡಿಸಿದರೆ ಕೀಲಿಕೈ ದೊರೆಯುತ್ತದೆ. ಹಿಡಿಸದಿದ್ದರೆ, "ಮನಿ ನಿನ್ನೇನ ಕೊಟ್ಟೇವ್ರಿ" ಎಂಬ ಸುಳ್ಳು ಹೊರಡುತ್ತದೆ. ಪ್ರಶ್ನೆಯಲ್ಲಿ ಮದವಿದೆ, ಉತ್ತರದಲ್ಲಿ ಅಸತ್ಯವಿದೆ. ಒಂದೇ ಹೊಸ್ತಿಲಿನಲ್ಲಿ ಎರಡು ದೋಷಗಳು.

ತಿರಸ್ಕೃತನಾದವನ ಅವಮಾನ ಎಲ್ಲರಿಗೂ ಕಾಣುವಂಥದು. ಸ್ವೀಕೃತನಾದವನ ನಷ್ಟ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಕುಲದ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಂತೋಷದಲ್ಲಿ ಅವನು ಮನೆಯ ಪರೀಕ್ಷೆಯನ್ನೇ ಮರೆಯುತ್ತಾನೆ. "ನಮ್ಮವರೇ ಅಲ್ಲವೇ" ಎಂಬ ಒಂದು ಮಾತು ಛಾವಣಿಯ ಸೋರಿಕೆಯನ್ನೂ ಗೋಡೆಯ ಬಿರುಕನ್ನೂ ಮುಚ್ಚಿಬಿಡುತ್ತದೆ.

ಆದರೆ ಮಳೆಗೆ ಕುಲಗೋತ್ರಗಳಿಲ್ಲ. ಹಳೆಯ ಮಾಳಿಗೆ ಮನೆಯಾದರೆ ಮೇಲ್ಮುದ್ದೆ ಗಟ್ಟಿಯಿದೆಯೇ, ಬೆಳಕಿಂಡಿಯ ಸುತ್ತ ನೀರಿನ ಕಲೆಗಳಿವೆಯೇ ಎಂದು ತಲೆಯೆತ್ತಿ ನೋಡಬೇಕು. ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರಿನಲ್ಲಿ ಇದು ಇನ್ನೂ ಅಗತ್ಯ. ನೆಲದಡಿಯ ಹಗೇವನ್ನು ತುಂಬಿ ಮುಚ್ಚಲಾಗಿದೆಯೇ ಎಂದು ಕೇಳಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವುದರಿಂದ, ಬೈಲಹೊಂಗಲ, ಸವದತ್ತಿಗಳ ಎರೆನೆಲದಲ್ಲಿ ನಿಂತ ಹೊಸ ಕಾಂಕ್ರೀಟು ಮನೆಯ ಗೋಡೆಯೂ ಬಿರಿಯಬಲ್ಲದು. ನಳದ ನೀರು ಎಷ್ಟು ದಿನಗಳಿಗೊಮ್ಮೆ ಬರುತ್ತದೆ, ಕೊಳವೆಬಾವಿಯ ನೀರು ಸವಳೋ ಸಿಹಿಯೋ ಎಂಬುದನ್ನು ಮಾಲೀಕನಿಗಿಂತ ನೆರೆಮನೆಯ ಗೃಹಿಣಿ ಸರಿಯಾಗಿ ಹೇಳುತ್ತಾಳೆ. ರಾಮದುರ್ಗದಲ್ಲಿ ಇನ್ನೊಂದು ಪ್ರಶ್ನೆ ತಪ್ಪಬಾರದು: 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿದಾಗ ನೀರು ಈ ಓಣಿಯಲ್ಲಿ ಎಲ್ಲಿಯವರೆಗೆ ಬಂದಿತ್ತು?

ಮನೆ ನೋಡಿದ ಮೇಲೆ ಕಾಗದ ನೋಡಬೇಕು. "ನಮ್ಮವರ ನಡುವೆ ಕಾಗದವೇಕೆ?" ಎನ್ನುವುದು ಈ ಸೀಮೆಯ ದೊಡ್ಡ ಮೋಸ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷವನ್ನು ಮೀರಿದ ಬಾಡಿಗೆ ಕರಾರು ನೋಂದಣಿಯಾಗಲೇಬೇಕು. ಅದನ್ನು ತಪ್ಪಿಸಲೆಂದೇ 11 ತಿಂಗಳ ಕರಾರಿನ ರೂಢಿ ಬೆಳೆದಿದೆ. ಅಷ್ಟೂ ಇಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಸಾಮಾನ್ಯ ನಿಯಮದಂತೆ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವುದೆಂದು ಭಾವಿಸಿ, 15 ದಿನಗಳ ನೋಟೀಸಿನಿಂದ ಅದನ್ನು ಕೊನೆಗಾಣಿಸಬಹುದು. ಮಕ್ಕಳ ಪರೀಕ್ಷೆಯ ನಡುವೆ ಆ ನೋಟೀಸು ಬಂದ ದಿನ "ನಮ್ಮವರು" ಎಂಬ ನಂಟು ನೆರವಿಗೆ ಬಾರದು.

ಇನ್ನು ಠೇವಣಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮೀರಿದ ಠೇವಣಿ ಬೇಡವೆಂದಿತು. ಅದು ರಾಜ್ಯಗಳ ಮುಂದಿಟ್ಟ ಮಾದರಿಯಷ್ಟೇ ಎಂದು ನುಣುಚಿಕೊಳ್ಳುವವರಿದ್ದಾರೆ. ಶ್ರಾವಕನಿಗೆ ಆ ನೆಪವೂ ಇಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಎಣಿಸುತ್ತದೆ. ನಂಬಿ ಇಟ್ಟ ಹಣವನ್ನು ನುಂಗುವುದೇ ನ್ಯಾಸಾಪಹಾರ. ಸುಣ್ಣ ಬಣ್ಣದ ನೆವ ಹೇಳಿ ಠೇವಣಿಯಲ್ಲಿ ಅರ್ಧ ಹಿಡಿದುಕೊಳ್ಳುವುದು ಬೇರೇನು? ಅಚೌರ್ಯದ ಅತಿಚಾರಗಳಲ್ಲಿ ಅಳತೆ ತೂಕಗಳನ್ನು ಹೆಚ್ಚು ಕಡಿಮೆ ಮಾಡುವುದೂ ಸೇರಿದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರನಿಗೂ ಪಾಲಿದೆ. ಶೂನ್ಯ ಬಿಲ್ಲು ಬಂದ ಮೇಲೂ ತಿಂಗಳ "ಕರೆಂಟಿನ ಹಣ" ವಸೂಲು ಮಾಡುವ ಮಾಲೀಕನು ಕಳ್ಳತಕ್ಕಡಿ ಹಿಡಿದವನೇ. ಆದುದರಿಂದ ಪ್ರತ್ಯೇಕ ಮೀಟರು, ತಿಂಗಳ ರಸೀದಿ, ಠೇವಣಿಯ ಲಿಖಿತ ಒಪ್ಪಿಗೆ, ಈ ಮೂರನ್ನು ಕೇಳುವುದು ಅವಿಶ್ವಾಸವಲ್ಲ. ಇಬ್ಬರನ್ನೂ ಪಾಪದಿಂದ ಕಾಯುವ ಬೇಲಿಯದು.

"ಒಂದೇ ಅಂಗಳದಲ್ಲಿ ವಾಸ, ಅಡುಗೆಯ ಶುದ್ಧಿ ಉಳಿಯಬೇಡವೇ?" ಎಂಬ ಆಕ್ಷೇಪಕ್ಕೆ ತೂಕವಿಲ್ಲವೆಂದಲ್ಲ. ಅಹಿಂಸೆಯನ್ನು ನಂಬಿದ ಮನೆಯವರಿಗೆ ತಮ್ಮ ಅಂಗಳದ ಆಚಾರವನ್ನು ಕಾಯುವ ಆಸೆ ಸಹಜ. ಹಾಗಿದ್ದರೆ ಅಡುಗೆಯ ನಿಯಮವನ್ನು ಕರಾರಿನಲ್ಲಿ ಬರೆದು ಎಲ್ಲರಿಗೂ ಸಮನಾಗಿ ಹೇಳಲಿ. ಒಪ್ಪುವವನು ಯಾರ ಪೈಕಿಯವನಾದರೂ ಬರಲಿ. ನಡತೆಯನ್ನು ಕೇಳುವುದು ಬೇರೆ, ಹುಟ್ಟನ್ನು ಕೇಳುವುದು ಬೇರೆ. ಆಹಾರದ ಹೆಸರಿನಲ್ಲಿ ಜಾತಿಯನ್ನು ಜರಡಿ ಹಿಡಿಯುವವನು ಅಹಿಂಸೆಯನ್ನು ಕಾಯುತ್ತಿಲ್ಲ, ಅದರ ಮರೆಯಲ್ಲಿ ಅಡಗುತ್ತಿದ್ದಾನೆ.

ಕಾನೂನು ತಡೆಯುವುದಿಲ್ಲವೆಂಬ ಸಮಾಧಾನವೂ ಸಲ್ಲದು. 2005ರಲ್ಲಿ ಅಹಮದಾಬಾದಿನ ಪಾರಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ಪಾರಸಿಗಳಿಗಷ್ಟೇ ಮೀಸಲಿಡುವ ಉಪನಿಯಮವನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದುದು ನಿಜ. ಕಾನೂನು ಬಿಟ್ಟುದನ್ನೆಲ್ಲ ಧರ್ಮವೂ ಬಿಡುವುದಾದರೆ ವ್ರತಗಳೇಕೆ ಬೇಕಿದ್ದವು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳೆರಡೂ ಇವೆ. ಅಲ್ಲಿ ಬಾಡಿಗೆಯ ಮನೆಗೆ ವಿನಾಯಿತಿಯಿಲ್ಲ.

ಬಂದವನು ಛಾವಣಿಯನ್ನೂ ನೀರನ್ನೂ ಕಾಗದವನ್ನೂ ನೋಡಲಿ. ಕೊಡುವವನು ಬಂದವನ ನಡತೆಯನ್ನೂ ಮಾತಿನ ನೇರವನ್ನೂ ನೋಡಲಿ. "ಯಾರ ಪೈಕಿ" ಎಂಬ ಪ್ರಶ್ನೆ ಹೊಸ್ತಿಲಿನಿಂದ ತೊಲಗಿದ ದಿನ ಮಾಲೀಕನ ಮನೆಯೂ ಶುದ್ಧವಾಗುತ್ತದೆ.