ಎಂಜಿನ್ನು ಕಾದಾಗ ಹಿಡಿಯಬೇಕಾದುದು ನೀರಿನ ಹಾದಿ

ಜಲಸ್ಕೀ ಆಡುವವರನ್ನು ಎಳೆಯುವ ದೋಣಿಯ ಎಂಜಿನ್ನು ಮಿತಿಮೀರಿ ಕಾದಿತೆಂದರೆ, ಕಾರಣವೇನೆಂದು ವಿಚಾರಿಸುವುದಕ್ಕೆ ಮುಂಚೆಯೇ ಥರ್ಮೋಸ್ಟಾಟನ್ನು ಕಿತ್ತೆಸೆಯುವುದು, ಅದರಿಂದ ಗುಣ ಕಾಣದಿದ್ದರೆ ಪಂಪನ್ನು ಬದಲಿಸುವುದು, ಅದೂ ನಿಷ್ಫಲವಾದರೆ ಎಂಜಿನ್ನನ್ನೇ ಬಿಚ್ಚಿ ಹರಡುವುದು, ಇಂಥದೊಂದು ಪದ್ಧತಿ ದೋಣಿಯ ಒಡೆಯರಲ್ಲಿಯೂ ಕೆಲವು ಮೆಕ್ಯಾನಿಕರಲ್ಲಿಯೂ ರೂಢಿಯಾಗಿದೆ. ಊಹೆಯ ಮೇಲೆ ಬಿಡಿಭಾಗಗಳನ್ನು ಬದಲಿಸುತ್ತ ಹೋಗುವ ಈ ಮಾರ್ಗವು ಹಣವನ್ನು ವ್ಯರ್ಥಗೊಳಿಸುವುದಷ್ಟೇ ಅಲ್ಲ, ದೋಣಿಯಲ್ಲಿ ಕುಳಿತವರ ಪ್ರಾಣಕ್ಕೂ ಅಪಾಯವನ್ನು ತರುವಂಥದೆಂಬುದು ನನ್ನ ದೃಢವಾದ ಅಭಿಪ್ರಾಯ. ನೀರು ಒಳಹೊಗುವ ಸ್ಥಳದಿಂದ ಹೊರಬೀಳುವ ಸ್ಥಳದವರೆಗೆ ಅದರ ಹಾದಿಯನ್ನು ಅನುಕ್ರಮವಾಗಿ ಪರೀಕ್ಷಿಸುವುದೇ ಸಾಧುವಾದ ಕ್ರಮ.

ಜಲಸ್ಕೀ ಕ್ರೀಡೆಯ ತವರು ಅಮೆರಿಕ. 1922ರ ಬೇಸಗೆಯಲ್ಲಿ, ಮಿನೆಸೋಟ ರಾಜ್ಯದ ಲೇಕ್ ಸಿಟಿಯ ಬಳಿ, ಮಿಸಿಸಿಪಿ ನದಿಯೇ ವಿಸ್ತಾರಗೊಂಡು ಸರೋವರವಾಗಿರುವ ಲೇಕ್ ಪೆಪಿನ್ನಿನಲ್ಲಿ ರಾಲ್ಫ್ ಸ್ಯಾಮುಯೆಲ್‌ಸನ್ ಎಂಬ ತರುಣನು, ತುದಿ ಬಾಗಿಸಿದ ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು, ತನ್ನ ಸಹೋದರನು ನಡೆಸುತ್ತಿದ್ದ ದೋಣಿಯ ಹಿಂದೆ ನೀರಿನ ಮೇಲೆ ನಿಂತು ಸಾಗಿದನು. ಈ ಕ್ರೀಡೆಗೆಂದೇ 1961ರಲ್ಲಿ ಸ್ಕೀ ನಾಟಿಕ್ ಎಂಬ ದೋಣಿ ಬಂದಿತು. ತರುವಾಯದ ದಶಕಗಳಲ್ಲಿ ಇಂಥ ದೋಣಿಗಳ ನಡುಭಾಗದಲ್ಲಿ, ಪೆಟ್ಟಿಗೆಯೊಂದರ ಕೆಳಗೆ, ಫೋರ್ಡ್ 351 ಅಥವಾ ಜನರಲ್ ಮೋಟರ್ಸ್ 350ರಂಥ ಎಂಟು ಸಿಲಿಂಡರಿನ ಎಂಜಿನ್ನುಗಳನ್ನು ಕೂರಿಸುವುದು ವಾಡಿಕೆಯಾಯಿತು. ಇವು ಮೂಲತಃ ಮೋಟಾರು ಕಾರಿನ ಎಂಜಿನ್ನುಗಳೇ. ಆದರೆ ಕಾರಿನಲ್ಲಿರುವಂಥ ರೇಡಿಯೇಟರು ಇಲ್ಲಿಲ್ಲ. ಇವುಗಳಲ್ಲಿ ಬಹುಪಾಲಿಗೆ ಸರೋವರದ ನೀರೇ ಶೈತ್ಯವನ್ನು ಒದಗಿಸಬೇಕು. ತೇಲುಬುರುಡೆಗಳನ್ನು ಬಳಸಿ ಸಾಗುವ ಸ್ಲಾಲಮ್ ಸ್ಪರ್ಧೆಯಲ್ಲಿ ಪುರುಷರನ್ನು ಗಂಟೆಗೆ 58 ಕಿಲೋಮೀಟರು ವೇಗದಲ್ಲಿ ಎಳೆಯುವ ಎಂಜಿನ್ನಿಗೆ ಈ ನೀರು ಸ್ವಲ್ಪ ಕಡಿಮೆಯಾದರೂ ಉಷ್ಣಮಾಪಕದ ಮುಳ್ಳು ಥಟ್ಟನೆ ಮೇಲೇರುವುದು ಸಹಜ.

ದೋಣಿಯ ತಳದ ರಂಧ್ರದಿಂದ ಮೇಲೇರುವ ನೀರು, ಬಹುತೇಕ ಸ್ಕೀ ದೋಣಿಗಳಲ್ಲಿ, ಮೊದಲು ಗೇರಿನ ಎಣ್ಣೆಯನ್ನು ತಂಪುಗೊಳಿಸುವ ಕೂಲರನ್ನು ಹೊಕ್ಕು, ಅಲ್ಲಿಂದ ರಬ್ಬರಿನ ಇಂಪೆಲ್ಲರು, ಎಂದರೆ ಎಸಳುಗಳ ಚಕ್ರ, ಉಳ್ಳ ಪಂಪಿಗೂ ಎಂಜಿನ್ನಿನ ಒಡಲಿಗೂ ಹರಿದು, ಕೊನೆಗೆ ಹೊಗೆ ಸಾಗುವ ಮ್ಯಾನಿಫೋಲ್ಡುಗಳನ್ನು ತಣಿಸಿ, ಆ ಹೊಗೆಯೊಡನೆಯೇ ಬೆರೆತು ಹಿಂಬದಿಯಲ್ಲಿ ಹೊರಬೀಳುತ್ತದೆ. ತಳದ ರಂಧ್ರಕ್ಕೆ ಪ್ಲಾಸ್ಟಿಕ್ ಚೀಲ ಅಂಟಿಕೊಂಡಿರಬಹುದು; ಕೂಲರಿನ ಸಣ್ಣ ಕೊಳವೆಗಳ ಬಾಯಿಯಲ್ಲಿ ಜಲಕಳೆ ಸಿಕ್ಕಿಕೊಂಡಿರಬಹುದು. ದೋಣಿಯನ್ನು ಟ್ರೇಲರಿನ ಮೇಲೆ ದಡಕ್ಕೆ ತಂದು, ಹೋಸ್ ಪೈಪಿನ ಕ್ಲಿಪ್ಪನ್ನು ಸಡಿಲಿಸಿ, ಟಾರ್ಚು ಹಿಡಿದು ನೋಡುವುದಕ್ಕೆ ಬೇಕಾದುದು ಒಂದು ಸ್ಕ್ರೂಡ್ರೈವರು ಮಾತ್ರ. ಆದರೂ ಜನರು ಇಲ್ಲಿ ನೋಡುವುದು ಎಲ್ಲಕ್ಕಿಂತ ಕೊನೆಗೆ. ದೋಣಿಯು ನೀರಿನಲ್ಲಿರುವಾಗ ಈ ಪೈಪನ್ನು ಬಿಚ್ಚಬಾರದೆಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಸರೋವರವು ಒಳಗೆ ನುಗ್ಗುತ್ತದೆ.

ಇಂಪೆಲ್ಲರಿನ ವಿಷಯದಲ್ಲಿ ತುಸು ನಿಂತು ಹೇಳಬೇಕು. ಅದರ ಎಸಳುಗಳಿಗೆ ಹಾದುಹೋಗುವ ನೀರೇ ಕೀಲೆಣ್ಣೆ. ನೀರಿಲ್ಲದೆ ಒಂದು ನಿಮಿಷ ತಿರುಗಿದರೂ ಅವು ಸುಟ್ಟು ಹರಿಯಬಹುದು. ಚಳಿಗಾಲವಿಡೀ ದೋಣಿಯನ್ನು ಕೊಟ್ಟಿಗೆಯಲ್ಲಿಟ್ಟಾಗ, ಪಂಪಿನೊಳಗೆ ಬಾಗಿ ನಿಂತ ಎಸಳುಗಳು ಬಾಗಿದಂತೆಯೇ ಗಡುಸಾಗುತ್ತವೆ. ಮುರಿದ ಎಸಳಿನ ಚೂರು ನೀರಿನೊಡನೆ ಮುಂದೆ ಸಾಗಿ ಪೈಪಿನ ತಿರುವಿನಲ್ಲಿಯೋ ಥರ್ಮೋಸ್ಟಾಟಿನ ಗೂಡಿನಲ್ಲಿಯೋ ಸಿಕ್ಕಿಕೊಂಡರೆ, ಹೊಸ ಇಂಪೆಲ್ಲರನ್ನು ಹಾಕಿದ ಮೇಲೂ ಎಂಜಿನ್ನು ಕಾಯುತ್ತಲೇ ಇರುವುದು. ಒಡೆಯನು ಆಗ ಹೊಸದಾಗಿ ಕೊಂಡ ವಸ್ತುವನ್ನೇ ಶಂಕಿಸತೊಡಗುವನು. ಆದಕಾರಣ ಹಳೆಯ ಇಂಪೆಲ್ಲರಿನ ಚೂರುಗಳನ್ನು ಮೇಜಿನ ಮೇಲೆ ಜೋಡಿಸಿ, ಪೂರ್ಣ ಚಕ್ರವಾಗುವವರೆಗೆ ಹುಡುಕತಕ್ಕದ್ದು. ಪಂಪಿನ ಮೊದಲಿನ ಪೈಪಿನಲ್ಲಿ ಬಿರುಕಿದ್ದರೆ, ಎಂಜಿನ್ನು ಓಡುವಾಗ ನೀರು ಹೊರಗೆ ತೊಟ್ಟಿಕ್ಕುವ ಬದಲು ಗಾಳಿಯೇ ಒಳಗೆ ಸೇರುವುದರಿಂದ, ಅದು ಕಣ್ಣಿಗೆ ಬೀಳುವುದಿಲ್ಲ. ದಡದಲ್ಲಿ ಆ ಪೈಪನ್ನು ಬಿಟ್ಟು, ಪಂಪಿಗೆ ಮೋಟು ಪೈಪೊಂದನ್ನು ತೊಡಿಸಿ ಅದರ ತುದಿಯನ್ನು ನೀರು ತುಂಬಿದ ಬಕೆಟಿನಲ್ಲಿಟ್ಟಾಗ ಪಂಪು ರಭಸದಿಂದ ಹೀರಿದರೆ, ದೋಷವು ಪಂಪಿಗಿಂತ ಮೊದಲಿನ ಹಾದಿಯಲ್ಲಿದೆಯೆಂದೇ ಹೆಚ್ಚಾಗಿ ತಿಳಿಯಬೇಕು.

ಇನ್ನು ಥರ್ಮೋಸ್ಟಾಟು. ಈ ಎಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ 143 ಅಥವಾ 160 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ತೆರೆಯುತ್ತದೆ. ಪಾತ್ರೆಯ ನೀರಿನಲ್ಲಿ ತೂಗುಹಾಕಿ, ಥರ್ಮಾಮೀಟರನ್ನಿಟ್ಟು ಕಾಯಿಸಿದರೆ ಅದರ ಗುಣದೋಷಗಳು ಅಲ್ಲಿಯೇ ಬಯಲಾಗುತ್ತವೆ. ಪರೀಕ್ಷಿಸದೆ ಕಿತ್ತೆಸೆದರೆ ಎಂಜಿನ್ನು ಬೇಕಾದಷ್ಟು ಬೆಚ್ಚಗಾಗದೆ, ಸುಡದ ಪೆಟ್ರೋಲು ಎಣ್ಣೆಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ಮೂಲದೋಷವಂತೂ ಇದ್ದಲ್ಲಿಯೇ ಇರುತ್ತದೆ. ಮುಳ್ಳು ಹೇಳುವುದು ನಿಜವೇ ಎಂಬುದನ್ನೂ ಬೇರೊಂದು ಉಷ್ಣಮಾಪಕದಿಂದ ನೋಡಿಕೊಳ್ಳುವುದು ಮೇಲು. ಬಿರುಸಾಗಿ ಓಡಿಸಿ ನಿಲ್ಲಿಸಿದೊಡನೆ, ನೀರಿನ ಸಂಚಾರ ನಿಲ್ಲುವುದರಿಂದ, ಮುಳ್ಳು ಕೊಂಚ ಏರುವುದುಂಟು, ಅದು ರೋಗವಲ್ಲ.

ಈ ವಿಷಯದಲ್ಲಿ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವುಂಟು. ಹೊಗೆ ಸಾಗುವ ಪೈಪು ರಬ್ಬರಿನದು. ನೀರಿನ ಬಲದಿಂದ ಮಾತ್ರ ಅದು ಸುಡದೆ ಉಳಿದಿರುತ್ತದೆ. ನೀರು ನಿಂತರೆ ಪೈಪು ಕರಗಿ, ಬೆಂಕಿಯೂ, ಬಣ್ಣವಿಲ್ಲದ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷಾನಿಲವೂ, ಮಕ್ಕಳುಮರಿಗಳು ಸುತ್ತ ಕುಳಿತಿರುವ ಆ ಎಂಜಿನ್ನಿನ ಪೆಟ್ಟಿಗೆಯಿಂದಲೇ ಏಳಬಲ್ಲವು. ಮುಳ್ಳು ಏರುತ್ತಿರುವುದನ್ನು ಕಂಡೂ ಇನ್ನೊಂದು ಸುತ್ತು ಎಳೆದುಬಿಡೋಣವೆನ್ನುವುದು ಕ್ಷಮ್ಯವಲ್ಲ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ಸಲ್ಲದು. ಕಬ್ಬಿಣದ ಬ್ಲಾಕು ಸೀಳಿಹೋದೀತು.

ಅಮೆರಿಕದಲ್ಲಿ ನೆಲೆಸಿ ಇಂಥ ದೋಣಿಯನ್ನಿಟ್ಟುಕೊಂಡಿರುವ ಕನ್ನಡಿಗರಲ್ಲಿ ನನ್ನದೊಂದು ವಿನಂತಿ. ವಸಂತದಲ್ಲಿ ದೋಣಿಯನ್ನು ನೀರಿಗಿಳಿಸುವ ಮುನ್ನ ವರ್ಷವರ್ಷವೂ ಇಂಪೆಲ್ಲರನ್ನು ಬದಲಿಸಿರಿ. ಇನ್ನೊಂದು ಇಂಪೆಲ್ಲರನ್ನೂ, ಅದರ ಗ್ಯಾಸ್ಕೆಟನ್ನೂ, ಮುಚ್ಚಳಕ್ಕೆ ಹೊಂದುವ ಸ್ಪ್ಯಾನರನ್ನೂ ದೋಣಿಯಲ್ಲಿಯೇ ಇಟ್ಟುಕೊಳ್ಳಿರಿ. ಮುಳ್ಳು ಏರಿದ ಕ್ಷಣವೇ ಎಂಜಿನ್ನನ್ನು ನಿಲ್ಲಿಸಿ, ಸ್ಕೀಯಲ್ಲಿರುವವರನ್ನು ದೋಣಿಗೆ ಹತ್ತಿಸಿಕೊಳ್ಳಿರಿ.