ಟೊಮೆಟೊ ಬೀಜಕ್ಕೂ ಅಂಗಡಿ ಬಾಗಿಲು ಕಾಯಬೇಕಾ?

"ಹಣ್ಣಿನಿಂದ ಬೀಜ ತೆಗೆದು ಹಾಕಿದ್ರೆ ಬೆಳೆ ಬರಲ್ಲ ಸಾರ್."

ಹೋದ ತಿಂಗಳು ನಮ್ಮ ತಾಲ್ಲೂಕಿನ ಒಂದು ಬೀಜದಂಗಡಿಯಲ್ಲಿ ಕೇಳಿದ ಮಾತಿದು. ಹೇಳಿದ್ದು ಅಂಗಡಿಯವರಲ್ಲ, ಮೂವತ್ತು ವರ್ಷ ಟೊಮೆಟೊ ಬೆಳೆದ ರೈತರು. ಅಂಗಡಿಯವರು ತಲೆಯಾಡಿಸಿದರು, ಅಷ್ಟೆ. ಅವರಿಗೆ ಬಾಯಿ ಬಿಡುವ ಅಗತ್ಯವೇ ಇರಲಿಲ್ಲ.

ಈ ಮಾತು ಅರ್ಧ ಸತ್ಯ. ಹೈಬ್ರಿಡ್ ಅಂದರೆ ಎರಡು ಬೇರೆ ತಳಿ ಕೂಡಿಸಿ ಮಾಡಿದ ಬೀಜ. ಅದರ ಹಣ್ಣಿನ ಬೀಜ ಬಿತ್ತಿದರೆ ಒಂದು ಗಿಡ ಹೀಗೆ, ಇನ್ನೊಂದು ಹಾಗೆ ಬರುವುದು ನಿಜ. ಆದರೆ ನಾಟಿ ಟೊಮೆಟೊ ಮಾಡಿದ ತಪ್ಪೇನು? ಟೊಮೆಟೊ ಹೂವು ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ನಾಟಿ ಹಣ್ಣಿನ ಬೀಜ ಹಾಕಿದರೆ ಅದೇ ನಾಟಿ ಹಣ್ಣು ಬರುತ್ತದೆ. ಹೈಬ್ರಿಡ್‌ಗೆ ಹೇಳಬೇಕಾದ ಮಾತನ್ನು ಎಲ್ಲ ಟೊಮೆಟೊಗೂ ಅಂಟಿಸಿಬಿಟ್ಟಿದ್ದೇವೆ.

ನಾಟಿ ಬೆಳೆದು ಕೋಲಾರದ ಮಂಡಿ ಗೆಲ್ಲಿ ಎಂದು ನಾನು ಹೇಳುತ್ತಿಲ್ಲ. ಅದರ ಸಿಪ್ಪೆ ತೆಳು, ಲಾರಿಯಲ್ಲಿ ದೂರ ಹೋದರೆ ರಸವೇ. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ರಕ್ಷಕ್ ಹೈಬ್ರಿಡ್ಡೇ. ಎಲೆ ಮುಟುರು, ಸೊರಗು ರೋಗಗಳನ್ನು ತಡೆಯುವ ಶಕ್ತಿ ಅದಕ್ಕಿದೆ. ಸಾಲ ಮಾಡಿ ಎಕರೆಗಟ್ಟಲೆ ಹಾಕುವವರು ಅಂಥದ್ದನ್ನೇ ನೋಡಲಿ. ಆದರೆ ಅದೇ ಸಂಸ್ಥೆಯ ಅರ್ಕಾ ವಿಕಾಸ್ ಹೈಬ್ರಿಡ್ ಅಲ್ಲ, ಅದರ ಬೀಜ ಹಿಡಿದಿಟ್ಟುಕೊಳ್ಳಬಹುದು ಎಂದು ನಿಮಗೆ ಎಷ್ಟು ಜನ ಹೇಳಿದ್ದಾರೆ?

2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸ್ 2000 ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದಿದ್ದೂ ಇದೆ. ಬೆಲೆ ನಮ್ಮ ಕೈಲಿಲ್ಲ, ಮಳೆ ನಮ್ಮ ಕೈಲಿಲ್ಲ. ಬೀಜ ಇತ್ತು, ಅದನ್ನೂ ಕೊಟ್ಟು ಕೂತಿದ್ದೇವೆ.

ಹಿಡಿಯುವುದು ಕಷ್ಟವೂ ಅಲ್ಲ. ರೋಗವಿಲ್ಲದ ಗಿಡದಲ್ಲಿ ಚೆನ್ನಾಗಿ ಕಳಿತ ಹಣ್ಣು ಆರಿಸಿ. ಒಳಗಿನ ತಿರುಳು, ಬೀಜ ಒಂದು ಲೋಟಕ್ಕೆ ಹಿಂಡಿ ಎರಡು ಮೂರು ದಿನ ಬಿಡಿ. ಹುಳಿತು ವಾಸನೆ ಬರುತ್ತದೆ, ಮನೆಯವರು ಬೈಯುತ್ತಾರೆ, ಬೈಯಲಿ. ಬೀಜದ ಮೇಲಿನ ಲೋಳೆ ಬಿಡುವುದೇ ಹಾಗೆ. ನೀರು ಹಾಕಿ ತೊಳೆದರೆ ಜೊಳ್ಳು ತೇಲುತ್ತದೆ, ಗಟ್ಟಿ ಬೀಜ ತಳ ಸೇರುತ್ತದೆ. ತಟ್ಟೆಯಲ್ಲಿ ಹರಡಿ ನೆರಳಲ್ಲಿ ಒಣಗಿಸಿ. ಪೇಪರ್ ಮೇಲೆ ಬೇಡ, ಅಂಟಿಕೊಳ್ಳುತ್ತದೆ. ತೇವ ತಾಗದ ಬಾಟಲಿಯಲ್ಲಿಟ್ಟರೆ ಮೂರ್ನಾಲ್ಕು ವರ್ಷ ಮೊಳೆಯುತ್ತದೆ.

ಕಾನೂನಿನ ಭಯವೂ ಬೇಡ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001 ಬೀಜ ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ರಕ್ಷಿತ ತಳಿಯನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೆ.

ಟೊಮೆಟೊ ಬಂದದ್ದೇ ದಕ್ಷಿಣ ಅಮೆರಿಕದಿಂದ, ಅದರಲ್ಲಿ ನಾಟಿ ಎಂಥದ್ದು ಎಂದು ನಗುವವರಿದ್ದಾರೆ. ಮೆಣಸಿನಕಾಯಿ ಬಂದದ್ದೂ ಆ ಕಡೆಯಿಂದಲೇ. ಬ್ಯಾಡಗಿಯಲ್ಲಿ ಹೋಗಿ ನಗಲಿ.

ಅಂಗಡಿಯ ಹೊರಗೆ ಆ ರೈತರನ್ನು ಕೇಳಿದೆ, "ಮನೆ ಸಾರಿಗೂ ಇದೇ ಹಣ್ಣಾ?"

"ಅಯ್ಯೋ, ಇದರಲ್ಲಿ ಹುಳಿ ಎಲ್ಲಿದೆ? ಸಾರಿಗೆ ಹಿತ್ತಲ ಗಿಡದ್ದು."

"ಅದಕ್ಕೆ ಬೀಜ ಎಲ್ಲಿಂದ ತಂದ್ರಿ?"

"ತರೋದೇನು, ಬಚ್ಚಲ ನೀರಿಗೆ ತಾನಾಗೇ ಹುಟ್ತಾ ಇರ್ತದೆ, ನಮ್ಮ ತಾಯಿ ಕಾಲದಿಂದ."