ಒಬ್ಬಟ್ಟು ಸೇರದವರು

ಮೈಸೂರಿನ ಒಂದು ಮನೆ. ಯುಗಾದಿಯ ಮಧ್ಯಾಹ್ನ. ಮನೆಮಂದಿಯೆಲ್ಲ ಒಬ್ಬಟ್ಟಿನೂಟ ಮುಗಿಸಿ ಎದ್ದ ಮೇಲೆ ಮನೆಯಾಕೆ ಎಲೆಯ ಮುಂದೆ ಕೂತರು. ಆ ವರ್ಷವಷ್ಟೇ ಮನೆ ತುಂಬಿದ್ದ ಸೊಸೆ ಒಬ್ಬಟ್ಟಿನ ತಟ್ಟೆಯನ್ನೂ ತುಪ್ಪದ ಗಿಂಡಿಯನ್ನೂ ಹಿಡಿದು ಬಂದಳು.

"ಅತ್ತೆ, ಎರಡು ಹಾಕ್ಲಾ?"

"ಬೇಡಮ್ಮ. ನನಗೆ ಒಬ್ಬಟ್ಟು ಸೇರೋಲ್ಲ."

ಹಜಾರದಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಯಜಮಾನರ ಕೈ ಅಲ್ಲೇ ನಿಂತಿತು. ಮಗ ಎದ್ದು ಬಂದ.

"ಏನಮ್ಮ ಹಾಗಂದ್ರೆ? ವರ್ಷಾ ವರ್ಷಾ ನೀನೇ ಮಾಡ್ತೀಯಲ್ಲ?"

"ಮಾಡೋದಕ್ಕೂ ತಿನ್ನೋದಕ್ಕೂ ಏನಪ್ಪ ಸಂಬಂಧ?"

"ಮೂವತ್ತೆಂಟು ವರ್ಷದಿಂದ ಒಂದು ಮಾತೂ ಹೇಳಲಿಲ್ಲವಲ್ಲೇ!" ಎಂದರು ಯಜಮಾನರು. ಅವರ ದನಿಯಲ್ಲಿ ಅಚ್ಚರಿಗಿಂತ ಹೆಚ್ಚಾಗಿ ಮೋಸಹೋದವರ ದುಃಖವಿತ್ತು.

"ನೀವು ಕೇಳಲಿಲ್ಲ" ಎಂದು ಆಕೆ ಅನ್ನಕ್ಕೆ ಸಾರು ಹಾಕಿಸಿಕೊಂಡರು.

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆಯನ್ನು ಕನ್ನಡಿಗರು ಹೇಳುತ್ತ ಬಂದಿದ್ದಾರೆಯೇ ಹೊರತು ನಡೆಸುತ್ತ ಬಂದಂತೆ ಕಾಣುವುದಿಲ್ಲ. ಕೆಲವು ತಿನಿಸುಗಳನ್ನು ಎಲ್ಲರೂ ಮೆಚ್ಚಬೇಕು, ಕೆಲವನ್ನು ಎಲ್ಲರೂ ಜರೆಯಬೇಕು ಎಂಬ ಕಟ್ಟಳೆಯೊಂದು ಬರೆಯದೆಯೇ ಜಾರಿಯಲ್ಲಿದೆ. ಮೀರಿದವರಿಗೆ ಜೈಲಿಲ್ಲ ನಿಜ, ವಿಚಾರಣೆ ಮಾತ್ರ ತಪ್ಪಿದ್ದಲ್ಲ.

ಬೆಂಗಳೂರಿನಲ್ಲೋ ಚಿಕ್ಕಮಗಳೂರಿನಲ್ಲೋ ಯಾರದಾದರೂ ಮನೆಗೆ ಹೋಗಿ "ಕಾಫಿ ಬೇಡಿ" ಎಂದು ನೋಡಿ. ಮೊದಲು ಅದನ್ನು ಸಂಕೋಚ ಎಂದುಕೊಳ್ಳುತ್ತಾರೆ. ಆಮೇಲೆ ವ್ರತವೋ ಗ್ಯಾಸ್ಟ್ರಿಕ್ಕೋ ಎಂಬ ಪ್ರಶ್ನೆ. ಸುಮ್ಮನೆ ರುಚಿ ಹಿಡಿಸುವುದಿಲ್ಲ ಎಂದರೆ ಮಾತ್ರ ನಂಬುವವರಿಲ್ಲ. ಅದಕ್ಕೇ ಅನುಭವಸ್ಥರು "ಡಾಕ್ಟರು ಬೇಡ ಅಂದಿದ್ದಾರೆ" ಎಂದುಬಿಡುತ್ತಾರೆ. ಪಾಪ, ಆ ಡಾಕ್ಟರು ಅವರನ್ನು ನೋಡಿಯೇ ಇರುವುದಿಲ್ಲ. ಕಾಯಿಲೆಗೆ ಇರುವ ಮರ್ಯಾದೆ ಇಷ್ಟಾನಿಷ್ಟಕ್ಕೆ ಇಲ್ಲ. ಮೇ ತಿಂಗಳಲ್ಲಿ ರಸಪುರಿ, ಬಾದಾಮಿಗಳ ಬುಟ್ಟಿ ಮುಂದಿಟ್ಟಾಗ "ನನಗೆ ಮಾವಿನಹಣ್ಣು ಅಷ್ಟಕ್ಕಷ್ಟೆ" ಎಂದವರ ಪಾಡಂತೂ ಹೇಳುವುದೇ ಬೇಡ. ಅವರನ್ನು ದೇವರೂ ಕ್ಷಮಿಸಲಾರ ಎಂಬಂತೆ ನೋಡುತ್ತಾರೆ.

ಇದರ ಇನ್ನೊಂದು ಮಗ್ಗುಲು ಉಪ್ಪಿಟ್ಟು. ಇದನ್ನು ಜರೆಯುವುದು ಎಲ್ಲರ ಹಕ್ಕು, ಹೊಗಳಿದರೆ ಅಪರಾಧ. ಹಾಸ್ಟೆಲಿನ ಹುಡುಗರು ಅದಕ್ಕೆ ಕಾಂಕ್ರೀಟು ಎಂದು ನಾಮಕರಣ ಮಾಡಿ ಎಷ್ಟೋ ಕಾಲವಾಯಿತು. ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು, ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟರಿಗೆ ಉಪ್ಪಿಟ್ಟು, ಮನೆಯಲ್ಲಿ ಏನೂ ಇಲ್ಲದ ದಿನ ಉಪ್ಪಿಟ್ಟು. ಹೀಗೆ ಎಲ್ಲರ ಕಷ್ಟಕ್ಕೂ ಒದಗುವವರಿಗೆ ಲೋಕದಲ್ಲಿ ಸಿಗುವ ಗೌರವವೇ ಅದಕ್ಕೂ ಸಿಕ್ಕಿದೆ. ತಪ್ಪು ಉಪ್ಪಿಟ್ಟಿನದಲ್ಲ, ಅವಸರದ್ದು. ಬನ್ಸಿ ರವೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಒಂದು ಲೋಟಕ್ಕೆ ಎರಡೂವರೆ ಮೂರು ಲೋಟ ನೀರು ಕುದಿಸಿ, ಗಂಟಾಗದಂತೆ ಕೈಯಾಡಿಸಿ, ಮುಚ್ಚಿಟ್ಟು, ಕಾಯಿತುರಿ, ನಿಂಬೆರಸ ಬೆರೆಸಿದ ಉಪ್ಪಿಟ್ಟಿನ ಮೇಲೆ ಯಾವ ದೂರೂ ನಿಲ್ಲುವುದಿಲ್ಲ.

ಉಪ್ಪಿಟ್ಟಿನ ಪರವಾಗಿ ಗಟ್ಟಿಯಾಗಿ ಮಾತಾಡುವ ಹಿರಿಯರು ಈಗಲೂ ಅಲ್ಲಲ್ಲಿ ಸಿಗುತ್ತಾರೆ. ಕೇರ್ ಸಂಸ್ಥೆಯ ನೆರವಿನಿಂದ ಅಮೆರಿಕದ ಗೋಧಿ ರವೆ ಊರೂರಿನ ಸರ್ಕಾರಿ ಶಾಲೆಗೆ ಬರುತ್ತಿದ್ದ ಕಾಲದಲ್ಲಿ, ಮನೆಯಿಂದ ತಂದ ಎಲೆಯನ್ನೋ ತಟ್ಟೆಯನ್ನೋ ಹಿಡಿದು ಸಾಲಿನಲ್ಲಿ ನಿಂತವರು ಅವರು. ಕೆಲವರಿಗೆ ಅಂದು ಹೊಟ್ಟೆಗೆ ಬಿದ್ದದ್ದು ಅದೊಂದೇ. ಅಂಥವರ ಎದುರು ಕಾಂಕ್ರೀಟು ಎಂದು ನಕ್ಕರೆ ಅವರು ಜಗಳವಾಡುವುದಿಲ್ಲ, ಸುಮ್ಮನೆ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ.

ಊರು ಬದಲಾದಂತೆ ಕಟ್ಟಳೆಯೂ ಬದಲಾಗುತ್ತದೆ. ವಿಜಯಪುರದಿಂದ ಬೆಂಗಳೂರಿಗೆ ವರ್ಗವಾಗಿ ಬಂದವರು ಹೋಟೆಲಿನ ಸಾಂಬಾರು ಬಾಯಿಗಿಟ್ಟು "ಇದೇನ್ರೀ, ಪಾಯಸ ಮಾಡ್ಯಾರೋ ಸಾರು ಮಾಡ್ಯಾರೋ?" ಎಂದು ಕೇಳುತ್ತಾರೆ. ಮುದ್ದೆಯನ್ನು ಅಗಿಯದೆ ನುಂಗಬೇಕು ಎಂದಾಗಲಂತೂ "ನುಂಗೋದಾದ್ರ ಗುಳಿಗಿ ಸಾಕಲ್ರೀ!" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅತ್ತ ಮಂಡ್ಯದವರು ಕಲಬುರಗಿಗೆ ಹೋಗಿ ಕಟಿ ರೊಟ್ಟಿಯನ್ನು ಕಟಂ ಎಂದು ಮುರಿದು, "ಇದನ್ನ ತಿನ್ನಾಕೆ ಮೊದ್ಲು ಹಲ್ಲು ಗಟ್ಟಿ ಇರ್ಬೇಕು ಬುಡಿ" ಎನ್ನುತ್ತಾರೆ. ಇಬ್ಬರೂ ಹೇಳುತ್ತಿರುವುದು ತಮ್ಮ ತಮ್ಮ ಊರಿನ ನೆನಪನ್ನು. ಎದುರಿನವರಿಗೆ ಕೇಳಿಸುವುದು ಮಾತ್ರ ತಮ್ಮ ಊರಿನ ನಿಂದೆ.

ಈ ಜಗಳ ಇಂದಿನದಲ್ಲ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ತಾನು ಹೆಚ್ಚು ತಾನು ಹೆಚ್ಚು ಎಂಬ ವ್ಯಾಜ್ಯ ಬರುತ್ತದೆ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅವಧಿ ಮುಗಿದಾಗ ಭತ್ತ ಸೊರಗಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ರಾಘವನ ಹೆಸರೂ ಅದಕ್ಕೆ ಸಲ್ಲುತ್ತದೆ. ಮೇಲ್ನೋಟಕ್ಕೆ ಧಾನ್ಯಗಳ ವಾದ. ಒಳಗೆ ಇರುವುದು ಉಳ್ಳವರ ಊಟಕ್ಕೂ ಇಲ್ಲದವರ ಊಟಕ್ಕೂ ನಡೆದ ವಾದ.

ರಾಮ ತೀರ್ಪು ಕೊಟ್ಟರೂ ಊರು ಒಪ್ಪಿಕೊಳ್ಳಲು ತಡಮಾಡಿತು. ನೆಂಟರು ಬಂದರೆಂದರೆ ಮುದ್ದೆಯ ಪಾತ್ರೆಯನ್ನು ಒಳಗೆ ಸರಿಸಿ ಅನ್ನಕ್ಕೆ ಎಸರಿಡುವ ಪದ್ಧತಿ ಬಹಳ ಮನೆಗಳಲ್ಲಿತ್ತು. ಈಗ ಗಾಳಿ ತಿರುಗಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ರಾಗಿ ಬಿಸ್ಕತ್ತು, ರಾಗಿ ಶಾವಿಗೆ, ರಾಗಿ ಮಾಲ್ಟುಗಳು ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಸಾಲಿಗೆ ಬಂದು ಕೂತವು. ಮೊಮ್ಮಕ್ಕಳು ಆಸೆಯಿಂದ ಮುದ್ದೆ ಮಾಡಿಸಿಕೊಳ್ಳುತ್ತಾರೆ. ಮನೆಯ ತಾತ ಮಾತ್ರ "ನನಗೆ ಅನ್ನ ಹಾಕಮ್ಮ" ಎನ್ನುತ್ತಾರೆ. "ತಾತ, ರಾಗಿ ಎಷ್ಟು ಒಳ್ಳೇದು ಗೊತ್ತಾ? ಕ್ಯಾಲ್ಸಿಯಂ ಇದೆ" ಎಂದು ಮೊಮ್ಮಗಳು ಪಾಠ ಹೇಳುತ್ತಾಳೆ. ಅವಳು ಹೇಳುವುದು ಸುಳ್ಳಲ್ಲ. ಆದರೆ ಹಬ್ಬಕ್ಕೊಮ್ಮೆ ಅನ್ನ ಕಂಡು, ಉಳಿದ ದಿನವೆಲ್ಲ ಬೇರೆ ದಾರಿಯಿಲ್ಲದೆ ಮುದ್ದೆ ಉಂಡ ಬಾಲ್ಯ ಆ ನಾಲಿಗೆಯ ಮೇಲಿದೆ. ಬಿಳಿ ಅನ್ನವೇ ಊಟ ಎಂಬ ಅವರ ಅಭಿಪ್ರಾಯ ಇಂದು ಯಾರಿಗೂ ರುಚಿಸದು. ಅವರಿಗೆ ಮಾತ್ರ ಅದು ತಾವು ದುಡಿದು ದಕ್ಕಿಸಿಕೊಂಡ ಅಭಿಪ್ರಾಯ.

ನೆನಪು ಒಂದು ಕಾರಣವಾದರೆ ಹುಟ್ಟು ಇನ್ನೊಂದು. 1930ರ ದಶಕದ ಆರಂಭದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಆರ್ಥರ್ ಫಾಕ್ಸ್ ಅವರ ಕೈಯಲ್ಲಿದ್ದ ಪುಡಿಯೊಂದು ಪ್ರಯೋಗಶಾಲೆಯ ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಕಹಿ, ಕಹಿ ಎಂದು ಮುಖ ಕಿವುಚಿದರು. ಫಾಕ್ಸ್ ಅವರಿಗೋ ಯಾವ ರುಚಿಯೂ ತಿಳಿಯಲಿಲ್ಲ. ಒಂದೇ ವಸ್ತು ಒಬ್ಬರಿಗೆ ಕಹಿ, ಇನ್ನೊಬ್ಬರಿಗೆ ಸಪ್ಪೆ ಎಂಬುದು ಹೀಗೆ ಗೊತ್ತಾಯಿತು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣವಾದ ಜೀನು 2003ರಲ್ಲಿ ಪತ್ತೆಯಾಯಿತು. ಎಲೆಕೋಸು, ನವಿಲುಕೋಸಿನ ಜಾತಿಯ ತರಕಾರಿಗಳಲ್ಲಿಯೂ ಇದೇ ಬಗೆಯ ಕಹಿ ಇದೆ. ಕೋಸಿನ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುವ ಮಗು ಹಟ ಮಾಡುತ್ತಿದೆ ಎಂದೇ ತಿಳಿಯಬೇಕಿಲ್ಲ. ಅದರ ನಾಲಿಗೆಗೆ ಅಪ್ಪನ ನಾಲಿಗೆಗಿಂತ ಹೆಚ್ಚು ತಿಳಿಯುತ್ತಿರಬಹುದು.

ಕೊತ್ತಂಬರಿ ಸೊಪ್ಪಿನ ಕಥೆಯೂ ಹೀಗೆಯೇ. ಸಾರಿಗೆ, ಕೋಸಂಬರಿಗೆ, ಚಟ್ನಿಗೆ, ಉಪ್ಪಿಟ್ಟಿಗೆ ಕೊತ್ತಂಬರಿ ಉದುರಿಸದಿದ್ದರೆ ಅಡುಗೆ ಮುಗಿದಂತೆಯೇ ಅಲ್ಲ. ಅದು ಸೋಪಿನಂತೆ, ತಿಗಣೆಯಂತೆ ನಾರುತ್ತದೆ ಎನ್ನುವವರನ್ನು ಮನೆಯವರು ತಿಕ್ಕಲೆಂದೇ ತೀರ್ಮಾನಿಸುತ್ತಾರೆ. ಆದರೆ ಆ ಸೊಪ್ಪಿನ ವಾಸನೆಗೆ ಕಾರಣವಾದ ಆಲ್ಡಿಹೈಡ್ ಎಂಬ ಗುಂಪಿನ ವಸ್ತುಗಳು ಸೋಪಿನ ವಾಸನೆಯಲ್ಲೂ ತಿಗಣೆಯ ವಾಸನೆಯಲ್ಲೂ ಇವೆ. ವಾಸನೆ ಗುರುತಿಸುವ ಜೀನುಗಳಲ್ಲಿನ ಒಂದು ಸಣ್ಣ ವ್ಯತ್ಯಾಸಕ್ಕೂ ಕೊತ್ತಂಬರಿ ಸೋಪಿನಂತೆ ತೋರುವುದಕ್ಕೂ ನಂಟಿದೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಅದೇ ವರ್ಷ ಕೆನಡಾದ ಇನ್ನೊಂದು ಅಧ್ಯಯನ, ದಕ್ಷಿಣ ಏಷ್ಯಾ ಮೂಲದವರಲ್ಲಿ ನೂರಕ್ಕೆ 7 ಮಂದಿ ಕೊತ್ತಂಬರಿ ಒಲ್ಲದವರು ಎಂದಿತು. ನೂರು ಎಲೆಯ ಪಂಕ್ತಿಯಲ್ಲಿ ಏಳು ಜನ ಸುಮ್ಮನೆ ಎಸಳು ಹೆಕ್ಕುತ್ತ ಕೂತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಇನ್ನು ಕೆಲವರು ಸಂಪ್ರದಾಯವನ್ನು ಮುಂದಿಡುತ್ತಾರೆ. ನಮ್ಮ ಹಿರಿಯರು ತಿಂದದ್ದು, ಅದನ್ನು ಬೇಡ ಎನ್ನಬಹುದೇ ಎಂಬ ವಾದ. ಹಿರಿಯರು ಎಂದರೆ ಎಷ್ಟು ಹಿಂದಿನವರು ಎಂಬುದೇ ಪ್ರಶ್ನೆ. ಹತ್ತನೇ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ಹನ್ನೊಂದನೇ ಶತಮಾನದ ಲೋಕೋಪಕಾರದಲ್ಲಿ ಅದನ್ನು ಮಾಡುವ ಬಗೆಯೂ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಬೇಕು ಎಂದಿದೆಯೇ ಹೊರತು ಅಕ್ಕಿಯ ಮಾತಿಲ್ಲ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗಳು ಅಮೆರಿಕ ಖಂಡದವು. ಪೋರ್ಚುಗೀಸರು ಬಂದ ಮೇಲೆ ಇಲ್ಲಿ ಬೇರೂರಿದವು. ಆಲೂಗಡ್ಡೆ ಪಲ್ಯವಿಲ್ಲದ ಮಸಾಲೆ ದೋಸೆಯನ್ನೂ ಕೆಂಪು ಮೆಣಸಿನಕಾಯಿಯಿಲ್ಲದ ಸಾರಿನ ಪುಡಿಯನ್ನೂ ಊಹಿಸಿಕೊಂಡರೆ ಹಿರಿಯರ ಊಟದ ವಿಷಯ ಸ್ವಲ್ಪ ತಣ್ಣಗಾಗುತ್ತದೆ. ಮೊದಲ ಬಾರಿಗೆ ಟೊಮೆಟೊ ಹಾಕಿ ಸಾರು ಮಾಡಿದಾಕೆಗೆ ಮನೆಯ ಹಿರಿಯರು ಏನೆಂದಿದ್ದರೋ!

ಹಾಗೆಂದು ಬಾಯಿಗೆ ಬಂದದ್ದೆಲ್ಲ ಅಭಿಪ್ರಾಯವಾಗುವುದಿಲ್ಲ. "ನನಗೆ ಸೇರುವುದಿಲ್ಲ" ಎಂಬುದು ತನ್ನ ನಾಲಿಗೆಯ ಮಾತು. "ಅದನ್ನೆಲ್ಲ ಯಾರಾದರೂ ತಿನ್ನುತ್ತಾರೆಯೇ?" ಎಂಬುದು ಇನ್ನೊಬ್ಬರ ತಟ್ಟೆಯ ಮೇಲಿನ ಮಾತು. ಮೊದಲನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಎರಡನೆಯದು ಬೆಳೆದು ಬೆಳೆದು ಬಾಡಿಗೆ ಮನೆಯ ಗೇಟಿನ ಮೇಲೆ ಬೋರ್ಡಾಗುತ್ತದೆ. ತರಗತಿಯಲ್ಲಿ ಒಣಮೀನಿನ ಚಟ್ನಿ ತಂದ ಹುಡುಗ ಡಬ್ಬಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು ಊಟ ಮಾಡುವಂತಾಗುತ್ತದೆ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ 2021ರ ಡಿಸೆಂಬರಿನಲ್ಲಿ ಬಿಸಿಯೂಟದ ಜತೆ ಮೊಟ್ಟೆ ಕೊಡತೊಡಗಿದಾಗ ದೊಡ್ಡವರು ಸಾಕಷ್ಟು ವಾದ ಮಾಡಿದರು. ಶಾಲೆಯಲ್ಲಿ ಮಾಡಿದ ಏರ್ಪಾಡು ಸರಳವಾಗಿತ್ತು. ಮೊಟ್ಟೆ ತಿನ್ನುವ ಮಗುವಿಗೆ ಮೊಟ್ಟೆ, ತಿನ್ನದ ಮಗುವಿಗೆ ಬಾಳೆಹಣ್ಣು. ಬೇಕು ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ಒಂದೇ ಸಾಲಿನಲ್ಲಿ ಜಾಗವಿತ್ತು.

ಬೇಕು ಬೇಡ ಎನ್ನುವ ಅವಕಾಶ ಎಲ್ಲಕ್ಕಿಂತ ಕಡಿಮೆ ಸಿಗುವುದು ಒಲೆಯ ಮುಂದೆ ನಿಂತವರಿಗೆ. ಗಂಡನಿಗೆ ಬದನೆಕಾಯಿ ಆಗದು, ಮಾವನಿಗೆ ಖಾರ ಆಗದು, ಮಗನಿಗೆ ಹುಳಿಯಲ್ಲಿ ಕುಂಬಳಕಾಯಿ ಕಂಡರಾಗದು ಎಂಬ ಪಟ್ಟಿ ಆಕೆಗೆ ಬಾಯಿಪಾಠ. ಆಕೆಗೆ ಏನಾಗದು ಎಂಬ ಪಟ್ಟಿ ಮನೆಯಲ್ಲಿ ಯಾರ ಬಳಿಯೂ ಇಲ್ಲ. ತನಗೆ ಸೇರದ್ದನ್ನು ಮಾಡುವುದಿಲ್ಲ ಎಂಬ ಅನುಕೂಲ ಆಕೆಗಿದೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಆಗುವುದು ಅದಕ್ಕೆ ತಿರುಗುಮುರುಗು. ಒಬ್ಬಳಿಗಾಗಿ ಏನು ಮಾಡುವುದು ಎಂದು ಆಕೆಯೇ ತನ್ನ ಇಷ್ಟವನ್ನು ಪಕ್ಕಕ್ಕಿಟ್ಟು, ಕೊನೆಯ ಆರಿದ ದೋಸೆ ತಿಂದು ಕೈ ತೊಳೆಯುತ್ತಾಳೆ. ಹೀಗೆ ವರ್ಷಗಟ್ಟಲೆ ನಡೆದರೆ ತನಗೇನು ಇಷ್ಟ ಎಂಬುದು ತನಗೇ ಮರೆತುಹೋಗುತ್ತದೆ.

ಮೈಸೂರಿನ ಆ ಮನೆಯಲ್ಲೂ ಯುಗಾದಿಯ ಸಂಜೆ ಮಗ ಕೇಳಿದ: "ಹಾಗಾದ್ರೆ ನಿನಗೇನಮ್ಮ ಇಷ್ಟ?"

"ನೋಡಬೇಕಪ್ಪ. ಯೋಚನೆ ಮಾಡಿ ಹೇಳ್ತೀನಿ" ಎಂದರು ಆಕೆ.

ಉತ್ತರ ಸಿಕ್ಕಿದ್ದು ಮಾರನೆಯ ದಿನ. ಬೇಳೆ ಬಸಿದ ಕಟ್ಟಿಗೆ ಒಂದಿಷ್ಟು ಹೂರಣ, ಹುಣಸೆಹಣ್ಣು, ಸಾರಿನ ಪುಡಿ ಸೇರಿಸಿ ಮಾಡಿದ ಒಬ್ಬಟ್ಟಿನ ಸಾರು ತಳದಲ್ಲಿ ಉಳಿದಿತ್ತು. ಮರುಕುದಿ ಬಂದು ಮಂದವಾದ ಆ ಸಾರನ್ನು ಬಿಸಿ ಅನ್ನಕ್ಕೆ ಹಾಕಿಕೊಂಡು, ಎಲ್ಲರಿಗಿಂತ ಮೊದಲು ಕೂತು ಉಂಡು, "ಇದು" ಎಂದರು.

ಮರುವರ್ಷವೂ ಆ ಮನೆಯಲ್ಲಿ ಒಬ್ಬಟ್ಟಾಯಿತು. ಕಣಕ ನಾದಿದ್ದು ಮಗ, ಹೂರಣ ರುಬ್ಬಿದ್ದು ಸೊಸೆ. ಹದ ಹೇಳಲು ಮಾತ್ರ ಆಕೆಯೇ ಬೇಕಾಯಿತು. ಸಾರು ಆ ಸಲ ಎರಡರಷ್ಟು ಕುದಿಯಿತು. ಊಟದ ಕೊನೆಗೆ ಯಜಮಾನರು "ಆ ಸಾರು ಇನ್ನೊಂದು ಸೌಟು ಹಾಕೇ, ಚೆನ್ನಾಗಿದೆ" ಎಂದು ಎಲೆ ತೋರಿಸಿದರು.

"ಅದು ನಾಳೆಗೆ ಇಟ್ಟಿರೋದು" ಎಂದು ಆಕೆ ಪಾತ್ರೆಗೆ ತಟ್ಟೆ ಮುಚ್ಚಿದರು. "ನೀವು ಇನ್ನೊಂದು ಒಬ್ಬಟ್ಟು ಹಾಕಿಸ್ಕೊಳ್ಳಿ."